ಪೋರ್ಟಬಲ್ ಎಸಿ: ಒಂದು ಪೈಪಿನದ್ದು ಸಾಕೇ, ಎರಡು ಪೈಪಿನದ್ದೇ ಬೇಕೇ?

ಬೇಸಿಗೆಬೆವರು ಕೇಳಿದ್ದು:
ಮಲಗುವ ಕೋಣೆ 12×11 ಅಡಿ, ಮೇಲೆ ನೇರ ತಾರಸಿ. ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆಯುವಂತಿಲ್ಲ, ಸ್ಪ್ಲಿಟ್ ಎಸಿ ಮಾತೇ ಇಲ್ಲ. ಕಿಟಕಿ ಅಡ್ಡಕ್ಕೆ ಸರಿಯುವ ಗಾಜಿನದು, ಸೊಳ್ಳೆಪರದೆ ಇದೆ. ಒಂದೇ ಪೆಟ್ಟಿಗೆಯ ಮೇಲೆ ಒಂದು ಕಡೆ 12,000 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ), ಇನ್ನೊಂದು ಕಡೆ 7,000 ಎಂದಿದೆ. ಯಾವುದನ್ನು ನಂಬಬೇಕು? ಪೈಪೇ ಇಲ್ಲದ ‘ಪೋರ್ಟಬಲ್ ಎಸಿ’ ಕೂಡ ಮಾರಾಟಕ್ಕಿವೆ, ಅವು ಹೇಗೆ?

ಥರ್ಮಾಮೀಟರ್:
ಕೊನೆಯದಕ್ಕೆ ಮೊದಲು ಉತ್ತರ. ಪೈಪಿಲ್ಲದ್ದು ಎಸಿ ಅಲ್ಲ, ಕೂಲರ್. ಎಸಿ ಕೋಣೆಯ ಶಾಖವನ್ನು ಹೊರಗೆ ಸಾಗಿಸಬೇಕು. ಸಾಗಿಸುವ ದಾರಿಯೇ ಇಲ್ಲದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಕೂಲರ್ ನೀರನ್ನು ಆವಿ ಮಾಡಿ ಗಾಳಿ ಬೀಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಬರೀ ಜಿಗುಟು.

ಬಿಟಿಯು ಎರಡೂ ಸರಿಯೇ, ಅಳೆದ ರೀತಿ ಬೇರೆ. ದೊಡ್ಡ ಸಂಖ್ಯೆ ಆಶ್ರೇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘದ ಪರೀಕ್ಷೆಯದು. ಚಿಕ್ಕದು ಅಮೆರಿಕದ ಇಂಧನ ಇಲಾಖೆಯ ಎಸ್‌ಎಸಿಸಿ, ಅಂದರೆ ಋತುಮಾನಕ್ಕೆ ಹೊಂದಿಸಿದ ತಂಪು ಸಾಮರ್ಥ್ಯ. ಹೊರಗಿನಿಂದ ನುಗ್ಗುವ ಬಿಸಿಗಾಳಿ, ಪೈಪು ಕೋಣೆಯೊಳಗೇ ಬಿಡುವ ಶಾಖ, ಇವನ್ನೆಲ್ಲ ಕಳೆದು ಉಳಿದದ್ದು ಅದು. ಕೊಳ್ಳುವಾಗ ನೋಡಬೇಕಾದ್ದು ಚಿಕ್ಕ ಸಂಖ್ಯೆಯನ್ನೇ.

ಒಂದು ಪೈಪಿನದರಲ್ಲಿ ಈ ನಷ್ಟ ಏಕೆ ಹೆಚ್ಚೆಂದರೆ, ಕಂಡೆನ್ಸರ್ (ಶಾಖ ಹೊರಬಿಡುವ ಸುರುಳಿ) ತಣಿಸಲು ಅದು ನಿಮ್ಮ ಕೋಣೆಯ ತಂಪು ಗಾಳಿಯನ್ನೇ ಎಳೆದು ಹೊರಗೆ ಚೆಲ್ಲುತ್ತದೆ. ಎಷ್ಟು ಗಾಳಿ ಹೊರಗೆ ಹೋಯಿತೋ ಅಷ್ಟೇ ಗಾಳಿ ಬಾಗಿಲ ಸಂದಿಯಿಂದ, ಕಿಟಕಿ ಬಿರುಕಿನಿಂದ ಬಿಸಿಬಿಸಿಯಾಗಿ ಒಳಬರುತ್ತದೆ. ಎರಡು ಪೈಪಿನದ್ದು ಕಂಡೆನ್ಸರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ತಾರಸಿ ಕೆಳಗಿನ ಕೋಣೆಗೆ ನನ್ನ ಸಲಹೆ: ಎಸ್‌ಎಸಿಸಿ 8,000ಕ್ಕೆ ಕಡಿಮೆ ಬೇಡ, ಎರಡು ಪೈಪಿನದ್ದೇ ಇರಲಿ. ಪೈಪಿನೊಳಗೆ ಪೈಪು ಇರುವ ವಿನ್ಯಾಸವೂ ಎರಡು ಪೈಪಿನ ಲೆಕ್ಕವೇ, ನೋಡಲು ಒಂದರಂತೆ ಕಂಡರೂ.

ಸ್ಪ್ಯಾನರ್:
ಮೇಲಿನದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಪಕ್ಕದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಒಂದು ಪೈಪಿನ ಎಸಿ ಬೇಡವೇ ಬೇಡ. ಕೋಣೆಯ ಒತ್ತಡ ಇಳಿದಾಗ ಗೀಸರಿನ ಹೊಗೆ ಹೊರಹೋಗುವ ಬದಲು ಹಿಂದಕ್ಕೆ ಒಳಗೆ ಬರಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಇನ್ನು ಕಿಟಕಿ. ಕೊಳ್ಳುವ ಮೊದಲೇ ಗಾಜು ಸರಿಯುವ ಚೌಕಟ್ಟಿನ ಒಳ ಎತ್ತರ ಅಳೆಯಿರಿ. ಜೊತೆಗೆ ಬರುವ ಪ್ಲಾಸ್ಟಿಕ್ ಪಟ್ಟಿ ಎತ್ತರದ ಕಿಟಕಿಗೆ ಸಾಲುವುದಿಲ್ಲ. ಉಳಿದ ಜಾಗಕ್ಕೆ ಅಕ್ರಿಲಿಕ್ ಹಾಳೆಯನ್ನೋ ಪ್ಲೈವುಡ್ ತುಂಡನ್ನೋ ಕತ್ತರಿಸಿ ಕೂರಿಸಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಬಹಳ ಮಂದಿಗೆ ಕಾಣದ ಸಂದಿ ಇನ್ನೊಂದಿದೆ: ಗಾಜನ್ನು ಅರ್ಧ ಸರಿಸಿದಾಗ ಎರಡು ಗಾಜುಗಳ ನಡುವೆ ಮೇಲಿಂದ ಕೆಳಗಿನವರೆಗೂ ಬೆರಳು ಹೋಗುವಷ್ಟು ತೆರವು ಉಳಿಯುತ್ತದೆ. ಅದಕ್ಕೂ ಫೋಮ್ ತುರುಕಿ. ಪೈಪಿನ ಬಾಯಿಗೆ ಸೊಳ್ಳೆಪರದೆ ಅಡ್ಡ ಬರಬಾರದು. ಬಿಸಿಗಾಳಿ ಕಟ್ಟಿಕೊಂಡರೆ ಕಂಡೆನ್ಸರ್ ಕಾದು ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಎರಡು ಪೈಪಿದ್ದರೆ ಅವುಗಳ ಬಾಯಿಗಳನ್ನು ಆದಷ್ಟು ದೂರ ಇಡಿ, ಇಲ್ಲವಾದರೆ ತಾನು ಬಿಟ್ಟ ಬಿಸಿಯನ್ನು ತಾನೇ ಎಳೆದುಕೊಳ್ಳುತ್ತದೆ.

ಪೈಪು ಸಾಮಾನ್ಯವಾಗಿ ಒಂದೂವರೆ ಮೀಟರ್ ಉದ್ದ, 13–15 ಸೆಂ.ಮೀ. ಅಗಲ. ಅದನ್ನು ಎಷ್ಟು ಗಿಡ್ಡ, ಎಷ್ಟು ನೇರ ಇಟ್ಟರೆ ಅಷ್ಟು ಒಳ್ಳೆಯದು. ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಬೇಡಿ. ಹೊರಮೈ ಕೋಣೆಗಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೂ ಸುಮಾರು 140 ವಾಟ್ ಶಾಖ ಒಳಗೇ ಸೋರುತ್ತದೆ, ಕೋಣೆಯಲ್ಲಿ ಇನ್ನೊಬ್ಬರು ಕೂತದ್ದಕ್ಕಿಂತ ಹೆಚ್ಚು. ಪೈಪಿಗೆ ಸುತ್ತುವ ಇನ್ಸುಲೇಷನ್ ಹೊದಿಕೆ ಸಿಗುತ್ತದೆ, ಹಾಕಿ.

ಬೇಸಿಗೆಬೆವರು:
ಗ್ಯಾಸ್ ಗೀಸರ್ ಇದೆ, ಅಲ್ಲಿಗೆ ಎರಡು ಪೈಪಿನದ್ದೇ ಸರಿ. ನೀರು ತುಂಬಿ ನಿಂತುಹೋಗುತ್ತದೆ ಅನ್ನುತ್ತಾರಲ್ಲ? ರಾತ್ರಿ ಶಬ್ದ ಎಷ್ಟು?

ಸ್ಪ್ಯಾನರ್:
ಎರಡು ಪೈಪಿನದ್ದು ತಂದರೂ ಗೀಸರ್ ಹೊಗೆ ಕೊಳವೆ ಮೂಲಕ ಹೊರಗೆ ಹೋಗುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಕೋಣೆಯ ಗಾಳಿಯ ತೇವದಿಂದ ಇಳಿದ ನೀರನ್ನು ಒಣ ಹವೆಯಲ್ಲಿ ಎಸಿ ಕಂಡೆನ್ಸರ್ ಮೇಲೆ ಚಿಮ್ಮಿಸಿ ಆವಿಯಾಗಿ ಹೊರಕ್ಕೆ ಕಳಿಸುತ್ತದೆ, ತೊಂದರೆಯಿಲ್ಲ. ತೇವದ ದಿನಗಳಲ್ಲಿ ತಳದ ತಟ್ಟೆ ತುಂಬುತ್ತದೆ, ಫ್ಲೋಟ್ ಸ್ವಿಚ್ ಮೇಲೆದ್ದು ಕಂಪ್ರೆಸರ್ ನಿಲ್ಲಿಸುತ್ತದೆ. ಹಿಂಬದಿಯ ಡ್ರೈನ್ ಮುಚ್ಚಳ ತೆಗೆದು ಟ್ಯೂಬ್ ಸಿಕ್ಕಿಸಿ. ಟ್ಯೂಬ್ ಉದ್ದಕ್ಕೂ ಇಳಿಜಾರಾಗಿರಬೇಕು, ನಡುವೆ ಒಂದು ಕಡೆ ಮೇಲೆದ್ದರೂ ನೀರು ಹರಿಯದು. ಡ್ರೈನ್ ಬಾಯಿ ನೆಲಕ್ಕೆ ತೀರ ಹತ್ತಿರವಿದ್ದರೆ ಬಕೆಟ್ ಕೂರುವುದಿಲ್ಲ, ಅಗಲವಾದ ತಟ್ಟೆ ಬೇಕಾಗುತ್ತದೆ.

ಥರ್ಮಾಮೀಟರ್:
ಶಬ್ದ 50ರಿಂದ 60 ಡೆಸಿಬಲ್ ಆಸುಪಾಸು. ಕಂಪ್ರೆಸರ್ ಮಂಚದ ಪಕ್ಕದಲ್ಲೇ ಇರುತ್ತದೆ, ಸ್ಪ್ಲಿಟ್ ಎಸಿಯ ನಿಶ್ಶಬ್ದ ಸಿಗದು. ವೇಗ ಬದಲಿಸಬಲ್ಲ ಇನ್ವರ್ಟರ್ ಕಂಪ್ರೆಸರ್ ಆದರೆ ಕೋಣೆ ತಂಪಾದ ಮೇಲೆ ವೇಗ ಇಳಿಸುತ್ತದೆ. ಸಾದಾ ಕಂಪ್ರೆಸರಿನದ್ದು ಪ್ರತಿ ಸಲ ಧಡಕ್ಕೆಂದು ಹೊತ್ತಿಕೊಳ್ಳುವುದೇ ನಿದ್ದೆ ಕೆಡಿಸುವುದು. ಅಡಿಗೆ ರಬ್ಬರ್ ಮ್ಯಾಟ್ ಹಾಕಿದರೆ ನೆಲದ ಅದುರು ಕಡಿಮೆ.

ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬೇಡಿ, ಈ ಗಾತ್ರದ್ದು 1,200–1,400 ವಾಟ್ ಎಳೆಯುತ್ತದೆ. ತಂದ ದಿನ ನೇರ ನಿಲ್ಲಿಸಿ, ಕೈಪಿಡಿ ಹೇಳಿದಷ್ಟು ಗಂಟೆ ಬಿಟ್ಟು ಆನ್ ಮಾಡಿ. ಸಾಗಣೆಯಲ್ಲಿ ಮಲಗಿಸಿದ್ದರೆ ಕಂಪ್ರೆಸರಿನ ಎಣ್ಣೆ ತಳಕ್ಕಿಳಿಯಲು ಅಷ್ಟು ಸಮಯ ಬೇಕು. ಆರ್290 ಗ್ಯಾಸಿನದ್ದಾದರೆ (ಅದು ಪ್ರೊಪೇನ್, ಬೆಂಕಿ ಹೊತ್ತಿಕೊಳ್ಳುವಂಥದ್ದು) ಲೇಬಲ್ ಮೇಲೆ ಕೋಣೆಯ ಕನಿಷ್ಠ ವಿಸ್ತೀರ್ಣ ನಮೂದಿಸಿರುತ್ತಾರೆ. ನಿಮ್ಮದು ಸುಮಾರು 12 ಚದರ ಮೀಟರ್, ತಾಳೆ ನೋಡಿಯೇ ಹಣ ಕೊಡಿ.