ಇಂಜೆಕ್ಷನ್ ಆದ್ಮೇಲೆ ಜ್ವರ ಬಂತು, ಅಕ್ಕ ಇನ್ನು ಬೇಡ ಅನ್ನುತ್ತಿದ್ದಾಳೆ

ತುಂಗೆ ದಡ:
ಅಕ್ಕನ ಮಗಳಿಗೆ ಈಗ ಮೂರು ತಿಂಗಳು. ಒಂದೂವರೆ ತಿಂಗಳಿಗೆ ಪೆಂಟಾವೇಲೆಂಟ್ ಲಸಿಕೆ ಹಾಕಿಸಿದ ರಾತ್ರಿ ಮೈ ಕಾದಿತ್ತು, ತೊಡೆ ಊದಿತ್ತು, ಆಗಾಗ ಎದ್ದು ಅಳುತ್ತಿತ್ತು. "ಚೆನ್ನಾಗಿದ್ದ ಕೂಸಿಗೆ ಕಾಯಿಲೆ ತಂದಿರಿ" ಅಂತ ಅಕ್ಕನ ಅತ್ತೆ ಗಲಾಟೆ. ಎರಡನೇ ಡೋಸಿನ ತಾರೀಖು ದಾಟಿ ಎರಡು ವಾರ ಆಯಿತು. ಅಕ್ಕ ಬಿ.ಕಾಂ. ಓದಿದವಳು, ಆದರೂ ಹೆದರಿದ್ದಾಳೆ. ಹೇಗೆ ಒಪ್ಪಿಸಲಿ? ಮತ್ತೆ ಮೊದಲಿಂದ ಹಾಕಿಸಬೇಕಾ?

ಸಿಸ್ಟರಮ್ಮ:
ಮೊದಲಿಂದ ಬೇಡ, ನಿಂತಲ್ಲಿಂದ ಮುಂದುವರಿಸಿದರೆ ಸಾಕು, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು ಅಷ್ಟೇ. ಅದರಲ್ಲಿ ಐದು ರೋಗಕ್ಕೆ ರಕ್ಷಣೆ ಇದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ನ್ಯುಮೋನಿಯಾ, ಮಿದುಳು ಜ್ವರ ತರುವ ಸೋಂಕು). ಒಂದೆರಡು ದಿನ ಜ್ವರ, ಊತ ಸಾಮಾನ್ಯ. ಫಿಟ್ಸ್ ಬಂದರೆ, ಮೂರು ಗಂಟೆಗಿಂತ ಜಾಸ್ತಿ ಬಿಡದೆ ಅತ್ತರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಹೋದ ಸಲ ಏನಾಯಿತು ಅಂತ ಈ ಸಲ ಇಂಜೆಕ್ಷನ್‌ಗೆ ಮೊದಲೇ ಅಲ್ಲಿ ಹೇಳಿ. ಪ್ಯಾರಾಸಿಟಮಾಲ್ ಎಷ್ಟು ಅಂತಲೂ ಕೇಳಿ, ಡ್ರಾಪ್ಸ್ ಬೇರೆ, ಸಿರಪ್ ಬೇರೆ, ಅಳತೆ ಒಂದೇ ಅಲ್ಲ. ಜ್ವರ ಬರಬಹುದು ಅಂತ ಅವತ್ತೇ ಯಾರಾದರೂ ಹೇಳಿದ್ದರೆ ಅಕ್ಕ ಇಷ್ಟು ಹೆದರುತ್ತಿರಲಿಲ್ಲ. ಗುರುವಾರ ನಮ್ಮಲ್ಲಿ ಸಾಲು ಉದ್ದ ಇರುತ್ತೆ, ನಾವೂ ಎಷ್ಟೋ ಸಲ ಹೇಳದೆ ಕಳಿಸಿಬಿಡುತ್ತೇವೆ.

ಕಾಫಿ ಪುಡಿ:
ಓದಿಗೂ ಇದಕ್ಕೂ ಸಂಬಂಧ ಕಡಿಮೆ ಸ್ವಾಮಿ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂತಲ್ಲ, ಒಂಬತ್ತು ತಿಂಗಳಿಂದ ಹದಿನೈದು ವರ್ಷದ ಒಳಗಿನವರಿಗೆ, ಆಗ ಮಗನ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಇಂಜಿನಿಯರುಗಳೇ "ಹಾಕಿಸಬೇಡಿ" ಅಂತ ಫಾರ್ವರ್ಡ್ ಮಾಡುತ್ತಿದ್ದರು. ನಾನೂ ಎರಡು ದಿನ ಒಪ್ಪಿಗೆ ಚೀಟಿಗೆ ಸಹಿ ಹಾಕದೆ ಕೂತಿದ್ದೆ, ಸುಳ್ಳೇಕೆ ಹೇಳಲಿ. ನಮ್ಮ ಮನೆ ಕೆಲಸದವರಿಗೆ ಹೆಬ್ಬೆಟ್ಟೇ ಗತಿ, ಆದರೆ ಮಗಳ ಲಸಿಕೆ ಬರೆಯುವ "ತಾಯಿ ಕಾರ್ಡ್" ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು, ಒಂದು ತಾರೀಖೂ ತಪ್ಪಿಸಿಲ್ಲ. ಯಾಕೆ ಅಂದರೆ ಆಶಾ ಕಾರ್ಯಕರ್ತೆ ಪಕ್ಕದ ಬೀದಿಯವಳು, ಏನು ಕೇಳಿದರೂ ನಿಂತು ಹೇಳುತ್ತಾಳೆ.

ರೊಟ್ಟಿ ಚಟ್ನಿ:
ಅಕ್ಕನನ್ನು ಬಿಡಿ, ಅತ್ತೆಯನ್ನೇ ಕರೆದುಕೊಂಡು ಹೋಗಿ. ಅವರ ಕಾಲದಲ್ಲಿ ನಾಯಿಕೆಮ್ಮು ಬಂದ ಕೂಸನ್ನು ನೋಡಿದ್ದರೆ ಅದನ್ನು ನೆನಪಿಸಿ, ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತಲ್ಲ. ಬೈದರೆ ಇನ್ನೂ ಹಟ ಮಾಡುತ್ತಾರೆ.

ತುಂಗೆ ದಡ:
ಕಾರ್ಡು ತೆಗೆದು ನೋಡಿದೆ, ಜ್ವರದ ವಿಷಯ ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಇದೆ! ಅಕ್ಕ ಓದೇ ಇರಲಿಲ್ಲವಂತೆ. ಗುರುವಾರ ಹೋಗುತ್ತಿದ್ದೇವೆ. ಅತ್ತೆ ಇನ್ನೂ ಮುನಿಸಿನಲ್ಲೇ ಇದ್ದಾರೆ, ಆದರೆ "ನಾನೂ ಬರ್ತೀನಿ, ಆ ಸಿಸ್ಟರನ್ನ ಕೇಳೋದಿದೆ" ಅಂದಿದ್ದಾರೆ.