ಯಾವ ಆ್ಯಪ್ ಎಂದು ಕೇಳಿದವರಿಗೆ

ಮಗಳಿಗೆ ಕನ್ನಡ ಕಲಿಸಲು ಯಾವ ಆ್ಯಪ್ ಹಾಕಿಕೊಡಲಿ ಎಂದು ಮೊನ್ನೆ ಕನ್ನಡನಾಡಿನಿಂದ ದೂರವಿರುವ ನಮ್ಮ ಈ ಬಳಗದಲ್ಲಿ ಒಬ್ಬ ತಾಯಿ ಕೇಳಿದ್ದರು. ಹನ್ನೆರಡು ಉತ್ತರ ಬಂದವು, ಹನ್ನೆರಡರಲ್ಲೂ ಬೇರೆ ಬೇರೆ ಹೆಸರು. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು, ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವನು. ಹದಿಮೂರನೆಯ ಹೆಸರು ನನ್ನ ಬಳಿಯೂ ಇದೆ, ಆದರೆ ಹೇಳುವುದಿಲ್ಲ.

ನನ್ನ ಮಗ ಏಳನೆಯ ವಯಸ್ಸಿನಲ್ಲಿ ಅಂಥದ್ದೊಂದು ಆ್ಯಪ್‌ನ ಎಲ್ಲ ಹಂತಗಳನ್ನೂ ಎರಡೇ ತಿಂಗಳಲ್ಲಿ ಮುಗಿಸಿದ. ಪರದೆಯ ತುಂಬ ನಕ್ಷತ್ರಗಳು. ಆ ಭಾನುವಾರ ಅಜ್ಜಿ ಫೋನಿನಲ್ಲಿ "ಏನು ಮಾಡುತ್ತಿದ್ದೀಯೋ?" ಎಂದು ಕೇಳಿದರೆ ನನ್ನ ಮುಖ ನೋಡಿದ. ನಾಲ್ಕು ಚಿತ್ರಗಳಲ್ಲಿ ಆನೆಯನ್ನು ಬೆರಳಿಟ್ಟು ತೋರಿಸುವುದು ಅವನಿಗೆ ಬರುತ್ತಿತ್ತು. ಆನೆಗೆ, ಆನೆಯಿಂದ, ಆನೆಯ ಮೇಲೆ ಎನ್ನುವುದು ಬರುತ್ತಿರಲಿಲ್ಲ. ಕನ್ನಡದ ಜೀವವಿರುವುದು ಪದದ ಬಾಲದಲ್ಲಿ. ಮರ ಎಂಬುದನ್ನು ಕಲಿತ ಮಗುವಿಗೆ ಮರಕ್ಕೆ, ಮರದಲ್ಲಿ ಎಂಬುವು ತಾವಾಗಿ ಬಂದುಬಿಡುವುದಿಲ್ಲ. ಬೇರೆ ಯಾವುದೋ ಭಾಷೆಗೆ ಮಾಡಿದ ಅಚ್ಚಿಗೆ ಕನ್ನಡದ ನಾಮಪದಗಳನ್ನು ಸುರಿದಂತಿದ್ದ ಆ ಆ್ಯಪ್‌ನಲ್ಲಿ ವಿಭಕ್ತಿಗೆ ಜಾಗವೇ ಇರಲಿಲ್ಲ.

ಹಾಗೆಂದು ಕಂಪ್ಯೂಟರನ್ನೇ ದೂರವಿಡಿ ಎನ್ನುವವರ ಪಕ್ಷಕ್ಕೂ ನಾನು ಸೇರಿದವನಲ್ಲ. ನನಗೆ ನಿಜವಾಗಿ ಒದಗಿಬಂದದ್ದು ಕೀಲಿಮಣೆ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಕನ್ನಡ ಪಡೆಯುತ್ತೇವೆ. ದೊಡ್ಡವರಿಗೆ ಅದು ಸಲೀಸು. ಮಗುವಿಗೆ ಮಾತ್ರ ಅದು ಹಿಂಬಾಗಿಲಿನ ದಾರಿ, ಏಕೆಂದರೆ ಮಗು ಇಂಗ್ಲಿಷ್ ಕಾಗುಣಿತದಲ್ಲಿಯೇ ಯೋಚಿಸುತ್ತಿರುತ್ತದೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಹಾಗಲ್ಲ. ಅದರಲ್ಲಿ ಕೆ ಕೀಲಿ ಒತ್ತಿದರೆ ಸ್ವರ ಸೇರಿಯೇ ಇರುವ 'ಕ' ಮೂಡುತ್ತದೆ. ಎಫ್ ಒತ್ತಿದರೆ ಆ ಸ್ವರ ಕಳಚಿ 'ಕ್' ಆಗುತ್ತದೆ. ಮತ್ತೆ ಕೆ ಒತ್ತಿದರೆ ಒತ್ತಕ್ಷರ ಬಂದು ಕೆಳಗೆ ಕೂರುತ್ತದೆ. ನಾನು ಕರಿಹಲಗೆಯ ಮೇಲೆ ತಿಂಗಳುಗಟ್ಟಲೆ ಹೇಳಿಯೂ ತಲೆಗೆ ಹೋಗದಿದ್ದ ಗುಣಿತಾಕ್ಷರ, ಸಂಯುಕ್ತಾಕ್ಷರಗಳ ಗುಟ್ಟು 'ಅಕ್ಕ' ಎಂಬ ಒಂದೇ ಪದವನ್ನು ಹತ್ತು ಸಲ ಟೈಪ್ ಮಾಡಿದಾಗ ತರಗತಿಯ ಮಕ್ಕಳಿಗೆ ಬಿಡಿಸಿಕೊಂಡಿತು. 'ಸ್ತ್ರೀ' ಬರೆಯುವ ಪಂದ್ಯವಿಟ್ಟರೆ ಈಗ ಗಲಾಟೆಯೋ ಗಲಾಟೆ. (ಕೈಬರಹ ಬಿಡಿಸಬೇಡಿ. ಅದು ಬೇರೆಯೇ ಜಗಳ, ಇನ್ನೊಮ್ಮೆ ಆಡೋಣ.)

ಎರಡನೆಯದು ನೆನಪಿನ ಚೀಟಿಗಳು, ಅಂದರೆ ಫ್ಲ್ಯಾಶ್‌ಕಾರ್ಡ್‌ಗಳು. ಕಲಿತದ್ದು ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಕೆಲಸವನ್ನು ಈಗ ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡುತ್ತದೆ. 2006ರಲ್ಲಿ ಬಂದ ಆ್ಯಂಕಿ ಎಂಬ ಚೀಟಿಗಳ ತಂತ್ರಾಂಶ ಅಂಥದ್ದು. ಚೀಟಿಯ ಮೇಲೆ ಒಂಟಿ ಪದ ಹಾಕಬೇಡಿ, ವಾಕ್ಯ ಹಾಕಿ, ಮನೆಯವರ ದನಿಯಲ್ಲಿ ಮುದ್ರಿಸಿ. ಹುಲಿ–ಹುಳಿ, ಮನೆ–ಮಣೆ, ಬಲೆ–ಬಳೆ ಇಂಥ ಜೋಡಿಗಳನ್ನು ಮೊದಲು ಕಿವಿಗೆ ಕೇಳಿಸಿ, ಆಮೇಲೆ ಅಕ್ಷರ ತೋರಿಸಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಳ, ಣ ಬಾಯಿಗೆ ಬರದಿರುವುದು ನಾಲಿಗೆಯ ದೋಷವೆಂದು ನಾವು ಬಯ್ಯುತ್ತೇವೆ. ನಾನು ಕಂಡಂತೆ ಎಷ್ಟೋ ಸಲ ಆ ವ್ಯತ್ಯಾಸ ಅವರಿಗೆ ಇನ್ನೂ ಕಿವಿಯಲ್ಲೇ ನಿಂತಿರುವುದಿಲ್ಲ.

ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯದಿಂದ ಉಚ್ಚಾರ ತಿದ್ದಬಹುದೆಂದು ಒಬ್ಬರು ಬರೆದಿದ್ದರು. ನಾನೂ ಹಾಗೆಂದುಕೊಂಡು ಮೋಸಹೋದೆ. ಮಗ "ನಾವು ಹಲ್ಲಿಗೆ ಹೋಗಿದ್ದೆವು" ಎಂದ, ಯಂತ್ರ ಸಂದರ್ಭ ನೋಡಿಕೊಂಡು 'ಹಳ್ಳಿಗೆ' ಎಂದು ಬರೆದುಕೊಟ್ಟಿತು. ತಪ್ಪನ್ನು ಮುಚ್ಚಿಹಾಕುವುದೇ ಅದರ ಕೆಲಸ. ಮೇಷ್ಟರ ಕೆಲಸ ಅದಕ್ಕೆ ತದ್ವಿರುದ್ಧ.

ತೀರ ಚಿಕ್ಕ ಮಕ್ಕಳ ವಿಷಯ ಬೇರೆ. 2003ರಲ್ಲಿ ಶಿಶುಗಳ ಭಾಷಾಕಲಿಕೆಯನ್ನು ಅಧ್ಯಯನ ಮಾಡುವ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸುವಂತಾದವು. ಅದೇ ಮಾತನ್ನು ವಿಡಿಯೊದಲ್ಲಿ, ಧ್ವನಿಮುದ್ರಣದಲ್ಲಿ ಕೇಳಿದವು ಏನನ್ನೂ ಕಲಿಯಲಿಲ್ಲ. ಆದರೆ ತಪ್ಪು ಪರದೆಯದಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ವಿಡಿಯೊ ಕರೆಯಲ್ಲಿ ಹೊಸ ಕ್ರಿಯಾಪದಗಳನ್ನು ಕಲಿತರು, ಮೊದಲೇ ಮುದ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಕರೆಯಲ್ಲಿರುವ ಮನುಷ್ಯ ಮಗು ನಕ್ಕರೆ ನಗುತ್ತಾನೆ, ಸುಮ್ಮನಾದರೆ ಏನಾಯಿತೆಂದು ಕೇಳುತ್ತಾನೆ. ಹಾಗಾಗಿ ಪ್ರಾಸಗೀತೆಯ ವಿಡಿಯೊ ಹಾಕಿ ಅಡುಗೆಮನೆಗೆ ಹೋಗುವ ನಮ್ಮಂಥವರು ಅದನ್ನು ಕನ್ನಡ ಪಾಠದ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ. ಅರ್ಧ ಗಂಟೆಯ ಬಿಡುವು ಎಂದು ಬರೆದುಕೊಳ್ಳಬಹುದು, ಅದೂ ಬೇಕಾದದ್ದೇ.

ಹೊಸದಾಗಿ ಬಂದಿರುವ ಹರಟುವ ಯಂತ್ರಗಳು (ಚಾಟ್‌ಬಾಟ್‌ಗಳು) ಉತ್ತರವನ್ನೇನೋ ಕೊಡುತ್ತವೆ, ಆದರೆ ಅವುಗಳ ಕನ್ನಡ ವರದಿ ಓದಿದಂತೆ. ಮಗ ಅಂಥ ಒಂದು ವಾಕ್ಯವನ್ನು ಒಪ್ಪಿಸಿದಾಗ ಅಜ್ಜಿ "ಯಾಕೋ ಪೇಪರ್ ಓದುತ್ತಿದ್ದೀಯ?" ಎಂದರು. ನೀನು, ನೀವು ಯಾರಿಗೆ ಎಂಬುದೂ ಅಲ್ಲಿ ಕಲಿಯುವಂಥದ್ದಲ್ಲ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಒಂದೇ ಇಂಗ್ಲಿಷ್ ಪದದೊಳಗೆ ಕುಳಿತಿರುವ ಮಗುವಿಗೆ ಅದನ್ನು ಸಂಬಂಧಿಕರೇ ಕಲಿಸಬೇಕು.

ಆದ್ದರಿಂದ, ಕೇಳಿದ ತಾಯಿಗೆ ನನ್ನ ಉತ್ತರ ಇಷ್ಟು. ಮಗಳಿಗೆ ನಾಲ್ಕು ವರ್ಷವೆಂದಿರಿ. ಈಗ ಆ್ಯಪ್ ಬೇಡ, ದಿನಕ್ಕೊಂದು ವಿಡಿಯೊ ಕರೆ ಸಾಕು, ನೀವು ಪಕ್ಕದಲ್ಲಿದ್ದು ಅನುವಾದ ಮಾಡದೆ ತಡೆದುಕೊಳ್ಳಿ. ಏಳೆಂಟಕ್ಕೆ ಬಂದಾಗ ಕೀಲಿಮಣೆ ಕೊಡಿ, ಕನ್ನಡದಲ್ಲಿ ಸಂದೇಶ ಕಳಿಸಲು ಒಬ್ಬರನ್ನು ಗೊತ್ತುಮಾಡಿ. ಆ ಒಬ್ಬರು ತಪ್ಪದೆ ಉತ್ತರಿಸುವವರಾಗಿರಲಿ. ನಮ್ಮ ತರಗತಿಯ ಚೀಟಿಗಳ ಕಟ್ಟು ಬೇಕಾದವರು ಇಲ್ಲೇ ತಿಳಿಸಿ, ಕಳಿಸುತ್ತೇನೆ. ವಾಕ್ಯಗಳು ಮಾತ್ರ ಇರುತ್ತವೆ. ನನ್ನ ದನಿಯನ್ನು ಅಳಿಸಿದ್ದೇನೆ, ನಿಮ್ಮದನ್ನು ತುಂಬಿಕೊಳ್ಳಿ.