ಮಳೇಲಿ ಮೊಗೆಕಾಯಿ ಕೊಯ್ಬೇಡ

ಕೂಸೇ, ನಿನ್ನ ಮೆಸೇಜ್ ಈಗ ನೋಡ್ದೆ. ಮೊಗೆಕಾಯಿ, ಅದೇ ಸಾಂಬಾರ್ ಸೌತೆ, ಅರ್ಧಂಬರ್ಧ ಬಣ್ಣ ತಿರುಗಿದೆ, ಮಳೆ ಬಿಡ್ತಾ ಇಲ್ಲ, ಬಳ್ಳೀಲೇ ಕೊಳೀತದೇನೋ, ಚೌತಿಗೆ ಮೊದಲೇ ಎಲ್ಲಾ ಕೊಯ್ದು ಜಂತಿಗೆ ಕಟ್ಲಾ ಅಂತ ಕೇಳಿದ್ಯಲ್ಲ. ಬೇಡ ಮಾರಾಯ್ತಿ. ಮಳೇಲಿ ಕೊಯ್ಬೇಡ.

ಹಳೇ ಮನೆ ಜಗುಲಿ ಗೊತ್ತಲ್ಲ, ಬಾವ ಮಲಗ್ತಿದ್ದದ್ದು. ಆ ವರ್ಷ ಮೃಗಶಿರದಲ್ಲಿ ಬೀಜ ಹಾಕಿದ್ದು, ಕಾಯಿ ಅಂದ್ರೆ ಕಾಲಿಡಕ್ಕೆ ಜಾಗ ಇಲ್ಲ. ಮಘೆ ಮಳೆ ಜಡಿ ಹಿಡಿದಿತ್ತು. ಅತ್ತಿಗೆ ತವರಿನವರು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಹಬ್ಬಕ್ಕೆ ಬರೋರು. ಅವರ ಕಣ್ಣಿಗೆ ಬೀಳ್ಬೇಕು ಅಂತ ಅತ್ತಿಗೆ ಒಂದೇ ದಿನ ಅಷ್ಟೂ ಕೊಯ್ಸಿದ್ರು. ತೊಟ್ಟು ತಿರುಚಿ ಕಿತ್ತದ್ದು, ಮೈಯೆಲ್ಲ ಕೆಸರು. ಹಾಗೇ ಬಾಳೆನಾರಲ್ಲಿ ಬಿಗಿದು ಜಂತಿಗೆ ಒತ್ತೊತ್ತಾಗಿ ನೇತು ಹಾಕಿಸಿದ್ರು. ನೋಡಕ್ಕೆ ಚಂದವೇ, ಇಲ್ಲ ಅನ್ನೋದಿಲ್ಲ.

ನವರಾತ್ರಿ ಹೊತ್ತಿಗೆ ವಾಸನೆ. ಇಲಿ ಸತ್ತಿದೆ ಅಂತ ಪತ್ತಾಸು ಪೆಟ್ಟಿಗೆ ಎಲ್ಲಾ ಸರಿಸಿ ಹುಡುಕಿದ್ದೇ ಹುಡುಕಿದ್ದು. ಒಂದು ರಾತ್ರಿ ಧೊಪ್ ಅಂತ ಬಾವನ ದಿಂಬಿನ ಮೇಲೆ ಬಿತ್ತು ನೋಡು, ರಸ ಸಮೇತ! ಒಂದು ಕೊಳೀತು, ಅದಕ್ಕೆ ತಾಗಿದ್ದು ಕೊಳೀತು. ದೀಪಾವಳಿಗೆ ಜಂತಿ ಖಾಲಿ. ಯುಗಾದಿವರೆಗೂ ಮನೆ ಮೊಗೆಕಾಯಿ ಹುಳಿ ಉಣ್ಣೋ ನಾವು ಶಿರಸಿ ಪೇಟೇಲಿ ದುಡ್ಡು ಕೊಟ್ಟು ತಂದ್ವಿ. ಅದಕ್ಕೇ ಹೇಳೋದು, ಮಳೇಲಿ ಕೊಯ್ಬೇಡ.

ಬೈಗಳ ಯಾರಿಗೆ? ನಾರು ಕಟ್ಟಿದ್ದು ಸಣ್ಣ ಸೊಸೆ ಅಂತ ನನಗೆ. ಆಸ್ತಿ ಹಿಸ್ಸೆ ಆಗೋವಾಗ ಮೊಗೆಕಾಯಿ ಬೆಳೆದ ಕೆರೆ ಕೆಳಗಿನ ಆ ಹಕ್ಕಲು ಜಾಗ ಯಾರ ಪಾಲಿಗೆ ಹೋಯ್ತು ಅಂತ ನಿಮಗೆಲ್ಲ ಗೊತ್ತಿದ್ದದ್ದೇ. ಒಂದು ಹಿಡಿ ಬೀಜ ಕೇಳಿದ್ರೂ ಅತ್ತಿಗೆ ಇಲ್ಲ ಅಂದ್ರು. ಈಗ ಅಲ್ಲಿ ಕಮ್ಯುನಿಸ್ಟ್ ಗಿಡ ಅನ್ನೋ ಕಳೆ ಆಳೆತ್ತರ ಬೆಳ್ದಿದೆ. ಬಾಯಿ ಬಿಟ್ರೆ ನಾನೇ ಕೆಟ್ಟವಳು, ಅವರೂ ಈ ಗ್ರೂಪಲ್ಲೇ ಇದಾರೆ, ಕೇಳ್ಲಿ.

ಅಯ್ಯೋ, ಎಂತ ಮಾಡ್ಬೇಕು ಅಂತ ಹೇಳೋದೇ ಬಿಟ್ಟೆ. ಈಗ ಒಂದೊಂದು ಕಾಯಿ ಅಡಿಗೂ ಒಂದು ಅಡಿಕೆ ಹಾಳೆ ಇಡು, ನೆಲದ ಕೆಸರು ತಾಗ್ಬಾರ್ದು. ಮಘೆ ಆದ್ಮೇಲೆ ಬರೋ ಹುಬ್ಬೆ ಮಳೇಲಿ ಎರಡು ಮೂರು ದಿನ ಮಳೆ ಬಿಟ್ಟು ಹೊಳವಾಗ್ತದೆ, ಆಗ ಕೊಯ್ಯಿ. ಪೂರ್ತಿ ಬಣ್ಣ ಬಂದಿರ್ಬೇಕು, ತೊಟ್ಟಿನ ಹತ್ತಿರದ ಕುಡಿ ಒಣಗಿರ್ಬೇಕು. ಕತ್ತೀಲಿ ತೊಟ್ಟು ಉಳ್ಸಿ ಕೊಯ್ಯಿ, ಕಿತ್ರೆ ಅಲ್ಲಿಂದಲೇ ಕೊಳೆ ಶುರು. ತೊಳೀಬೇಡ, ಒಣಬಟ್ಟೇಲಿ ಒರ್ಸು. ಒಂದು ವಾರ ನೆರಳಲ್ಲಿ ಹರವಿ ಆಮೇಲೆ ಕಟ್ಟು. ಕುಮಟೆ ಹತ್ತಿರದ ಅಳ್ವೆಕೋಡಿಯವರು ಈರುಳ್ಳಿ ಒಣಗಿಸ್ದೇ ಗೊಂಚಲು ಕಟ್ಟಿದ್ದು ಎಲ್ಲಾದ್ರೂ ನೋಡಿದ್ಯಾ? ಒಂದಕ್ಕೊಂದು ತಾಗ್ದಂಗೆ ಕಟ್ಟು, ವಾರಕ್ಕೊಮ್ಮೆ ಮುಟ್ಟಿ ನೋಡು. ಪೆಟ್ಟಾದ್ದು ಕಟ್ಟಕ್ಕೆ ಹೋಗ್ಬೇಡ, ಹುಳಿಗೆ ಹಾಕು.

ಚೌತೀಲಿ ಗಣಪತಿ ಮೇಲೆ ಕಟ್ಟೋ ಫಲಾವಳಿಗೆ ಬೇಕಾದ್ರೆ ಒಂದು ಚಂದದ್ದು ಮಾತ್ರ ಈಗ ಕೊಯ್ಕೋ.